ಗೊಂಬೆಗಳ ಮುಂದೆ ಸುತ್ತಿದ ರೈಲು

ಹೋದ ತಿಂಗಳು ಜಯನಗರದ ಒಂದು ಹಾಲ್‌ನಲ್ಲಿ ಆಟದ ರೈಲುಗಳ ಪ್ರದರ್ಶನವಿತ್ತು. ಸೊಸೆ ಬಲವಂತ ಮಾಡಿ ಕರೆದುಕೊಂಡು ಹೋದಳು. ಮಂಡಿನೋವಿನ ನೆಪ ಹೇಳಿ ನೋಡಿದೆ, ನಡೆಯಲಿಲ್ಲ. ಒಳಗೆ ಉದ್ದುದ್ದ ಮೇಜುಗಳ ಮೇಲೆ, ಒಂದಕ್ಕೊಂದು ಕಚ್ಚಿಕೊಳ್ಳುವ ಪ್ಲಾಸ್ಟಿಕ್ ಇಟ್ಟಿಗೆಗಳಿಂದ ಸ್ಟೇಷನ್ನು, ಸೇತುವೆ, ಅಂಗಡಿಬೀದಿ ಎಲ್ಲ ಕಟ್ಟಿದ್ದರು. ಅವುಗಳ ನಡುವೆ ಓಡುತ್ತಿದ್ದ ರೈಲುಗಳೂ ಅದೇ ಇಟ್ಟಿಗೆಯವು. ನಾನು ಒಂದು ಕುರ್ಚಿ ಹಿಡಿದು ಕೂತೆ. ಸ್ವಲ್ಪ ಹೊತ್ತಿಗೆ ಎಡಗಡೆಯ ಮೇಜಿನಿಂದ ಒಂದು ಸದ್ದು ಬಂತು. ಬಿಗಿಯಾದ ತಿರುವಿನಲ್ಲಿ ಪ್ಲಾಸ್ಟಿಕ್ ಗಾಲಿ ಪ್ಲಾಸ್ಟಿಕ್ ಹಳಿಗೆ ಒತ್ತಿಕೊಂಡು ಕಿರ್ರ್ ಎನ್ನುವ ಸದ್ದು. ಎದ್ದು ಹೋಗಿ ಆ ಮೇಜಿನ ಪಕ್ಕ ನಿಂತ ಮೇಲೆ ಮಂಡಿಯ ನೆನಪಾಯಿತು.

ಗಡ್ಡ ಬಿಟ್ಟಿದ್ದ ಒಬ್ಬ ತರುಣ ಹಳಿ ತಪ್ಪಿದ ಬೋಗಿಯನ್ನು ಎತ್ತಿಡುತ್ತಿದ್ದ. "ಕರ್ವ್ ತುಂಬಾ ಟೈಟ್ ಆಗೋಯ್ತು ಮೇಡಂ. ಉದ್ದ ಕೋಚು ತಿರುಗ್ತಾನೇ ಇಲ್ಲ," ಎಂದ, ನಾನು ಕೇಳದಿದ್ದರೂ.

"ಕಚ್ಚು ಹಾಕ್ಬೇಕಪ್ಪ," ಎಂದೆ.

ಅವನಿಗೆ ಅರ್ಥವಾಗಲಿಲ್ಲ. ಸೊಸೆಗೂ ಆಗಲಿಲ್ಲ. ಅಲ್ಲಿ ಆ ಗದ್ದಲದಲ್ಲಿ ನಿಂತು ಹೇಳುವ ಮಾತೂ ಅದಾಗಿರಲಿಲ್ಲ. ಅದಕ್ಕೇ ಈಗ ಬರೆಯಲು ಕೂತಿದ್ದೇನೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು, ನನಗೆ ಹನ್ನೊಂದು ವರ್ಷ. ಆಷಾಢ ಕಳೆದು ಶ್ರಾವಣ ಹುಟ್ಟಿದ ಮೇಲೆ ನಾವು ಸಿದ್ದಾಪುರದ ವಠಾರ ಬಿಟ್ಟು ಜೆ.ಪಿ. ನಗರದ ಸ್ವಂತ ಮನೆಗೆ ಬಂದೆವು. ಸ್ವಂತ ಮನೆ ಎಂದರೆ ಒಂದು ಹಾಲು, ಒಂದು ರೂಮು, ಒಂದು ಅಡುಗೆಮನೆ. ಹೊರಗೋಡೆಗಳಿಗೆ ಗಾರೆ ಆಗಿರಲಿಲ್ಲ. ಅಂಗಳದಲ್ಲಿ ಉಳಿದ ಮರಳಿನ ಗುಡ್ಡೆ ಹಾಗೇ ಬಿದ್ದಿತ್ತು. ಮಳೆ ಬಂದರೆ ಮನೆಯ ಮುಂದಿನ ರಸ್ತೆ ಚಪ್ಪಲಿಯನ್ನು ಕಚ್ಚಿಕೊಂಡು ಬಿಡುತ್ತಿರಲಿಲ್ಲ. ಅಪ್ಪ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿದ್ದರು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಸಹಿಸದ ಕೆಲಸ ಅದು, ಮನುಷ್ಯನೂ ಹಾಗೇ. ಆದರೆ ಈ ಮನೆಯ ಗೋಡೆ ಒಂದು ಕಡೆ ಸೊಟ್ಟಗಿದ್ದದ್ದು ಅವರ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ದಿನಾ ಕೆಲಸದಿಂದ ಬಂದವರು ಒಳಗೆ ಬರುವ ಮೊದಲು ರಸ್ತೆಯಲ್ಲೇ ಸೈಕಲ್ ನಿಲ್ಲಿಸಿಕೊಂಡು ಎರಡು ನಿಮಿಷ ಮನೆಯನ್ನು ನೋಡುತ್ತ ನಿಲ್ಲುತ್ತಿದ್ದರು.

ಅಮ್ಮನಿಗೆ ಮಾತ್ರ ಕಾಡುಪಾಲಾದ ಹಾಗಾಗಿತ್ತು. ವಠಾರದಲ್ಲಿ ಎಂಟು ಸಂಸಾರ, ಒಂದು ನಲ್ಲಿ. ಬೆಳಿಗ್ಗೆ ನಲ್ಲಿಯ ಹತ್ತಿರ ಯಾರ ಜೊತೆ ಜಗಳವಾಡಿದ್ದಳೋ ಮಧ್ಯಾಹ್ನ ಅವರ ಜೊತೆಗೇ ಕೂತು ಹಪ್ಪಳ ಒತ್ತುತ್ತಿದ್ದಳು. ಅವಳ ಹೊಲಿಗೆ ಮೆಷಿನ್ನಿನ ಸುತ್ತ ಸದಾ ಇಬ್ಬರು ಮೂವರು ಹೆಂಗಸರು, ರವಿಕೆ ಹೊಲಿಸುವವರು ಒಬ್ಬರಾದರೆ ಸುಮ್ಮನೆ ಮಾತಿಗೆ ಬಂದವರು ಇಬ್ಬರು. ಇಲ್ಲಿ ನಮ್ಮ ಕ್ರಾಸಿನಲ್ಲಿ ನಮ್ಮದು ಬಿಟ್ಟರೆ ಜನ ಬಂದು ಸೇರಿದ್ದ ಮನೆಗಳೇ ಐದು. ಮಿಕ್ಕಿದ್ದೆಲ್ಲ ಪಾಯ, ಕಂಬ, ಪಾರ್ಥೇನಿಯಂ. ಮಧ್ಯಾಹ್ನ ನಾನು ಸ್ಕೂಲಿನಿಂದ ಬಂದಾಗ ಅಮ್ಮ ಮೆಟ್ಟಿಲ ಮೇಲೆ ಸುಮ್ಮನೆ ಕೂತಿರುತ್ತಿದ್ದಳು. ಅವಳು ಸುಮ್ಮನಿರುವುದನ್ನು ನಾನು ಅದುವರೆಗೂ ಕಂಡೇ ಇರಲಿಲ್ಲ. ನನಗೆ ಭಯವಾಗುತ್ತಿತ್ತು.

ದಸರೆಗೆ ಹದಿನೈದು ದಿನವಿರುವಾಗ ಒಂದು ಸಂಜೆ ಅವಳೇ ಬಾಯಿಬಿಟ್ಟಳು.

"ನಿಮ್ಮ ಮನೆ ಚೆನ್ನಾಗಿದೆ ರೀ, ಇಲ್ಲ ಅನ್ನಲ್ಲ. ಆದ್ರೆ ನಂಗೆ ಇಲ್ಲಿ ಮಾತೇ ಮರ್ತೋಗ್ತಾ ಇದೆ. ನಾವಿದ್ದ ಮನೆ ಇನ್ನೂ ಖಾಲಿ ಇದ್ಯಂತೆ. ಇದನ್ನ ಬಾಡಿಗೆಗೆ ಕೊಟ್ಟು ವಾಪಸ್ ಹೋಗೋಣ."

ಅಪ್ಪನ ಕೈಯಲ್ಲಿದ್ದ ಕಾಫಿ ಲೋಟ ಅಲ್ಲೇ ನಿಂತಿತು. "ಗೃಹಪ್ರವೇಶ ಆಗಿ ಎರಡು ತಿಂಗಳಾಗಿಲ್ಲ, ಹೀಗಂತೀಯಲ್ಲೇ!"

"ಸರಿ, ದಸರಾ ಕಳೀಲಿ. ಗೊಂಬೆ ಕೂರಿಸ್ತೀನಿ. ಒಂಬತ್ತು ದಿನದಲ್ಲಿ ಹತ್ತು ಜನ ಹೆಂಗಸ್ರು ನಮ್ಮನೆ ಗೊಂಬೆ ನೋಡೋಕೆ ಬಂದ್ರೆ ಇಲ್ಲೇ ಇರ್ತೀನಿ, ಉಸಿರೆತ್ತಲ್ಲ. ಬರ್ಲಿಲ್ವಾ, ವಿಜಯದಶಮಿ ಆದ ಮಾರನೇ ದಿನ ಸಾಮಾನು ಕಟ್ಟೋದು."

ಹತ್ತು ಜನ ಯಾವ ಮಹಾ ಎಂದುಕೊಂಡು ಅಪ್ಪ ಒಪ್ಪಿಬಿಟ್ಟರು. ಆಮೇಲೆ ನಾನು ಕ್ರಾಸಿನ ಮನೆಗಳನ್ನು ಬೆರಳು ಮಡಚಿ ಎಣಿಸಿ ತೋರಿಸಿದ ಮೇಲೆ ಅವರ ಮುಖ ಸಪ್ಪೆಯಾಯಿತು.

ಆ ವಾರದಲ್ಲೇ ರಘುಮಾಮ ಬಂದದ್ದು. ಅಮ್ಮನ ತಮ್ಮ. ಅವನ ಕಂಪನಿಯವರು ಟ್ರೈನಿಂಗಿಗೆಂದು ಆರು ತಿಂಗಳು ಪಶ್ಚಿಮ ಜರ್ಮನಿಗೆ ಕಳಿಸಿದ್ದರು. ಬರುವಾಗ ಅಲ್ಲಿಯ ಹಳೇ ಸಾಮಾನಿನ ಸಂತೆಯಲ್ಲಿ ಕೊಂಡ ಒಂದು ರಟ್ಟಿನ ಪೆಟ್ಟಿಗೆಯನ್ನು ಹಿಡಿದು ತಂದಿದ್ದ. "ನಿಂಗೆ ಕಣೇ ವಸು," ಎಂದು ನನ್ನ ತೊಡೆಯ ಮೇಲಿಟ್ಟ. ಒಳಗೆ ಕೆಂಪು, ನೀಲಿ, ಕರಿ ಬಣ್ಣದ ಪುಟ್ಟ ಇಟ್ಟಿಗೆಗಳು, ನೀಲಿ ಹಳಿಗಳು, ಹಳಿಗಳನ್ನು ಕೂರಿಸುವ ಬಿಳಿ ಅಡ್ಡಪಟ್ಟಿಗಳು, ಮೋಟಾರಿದ್ದ ಒಂದು ಇಂಜಿನ್, ಅದರ ಬೆನ್ನಿಗೆ ಮೂರು ಸೆಲ್ ಹಾಕುವ ಒಂದು ಡಬ್ಬಿ. ಅದು ನನಗೆ ತಂದದ್ದೆಂದು ನಾನು ತಿಳಿದಿದ್ದೆ. ಅಪ್ಪ ಹಾಗೆ ತಿಳಿದಂತೆ ಕಾಣಲಿಲ್ಲ. ಮಾಮ ಊಟ ಮುಗಿಸಿ ಕೈತೊಳೆಯುವಷ್ಟರಲ್ಲಿ ಅವರು ನೆಲದ ಮೇಲೆ ಬೋರಲು ಮಲಗಿ ಇಂಜಿನ್ನಿನ ಹೊಟ್ಟೆ ನೋಡುತ್ತಿದ್ದರು.

"ಭಾವ, ಅದು ಮಕ್ಕಳಾಟಿಕೆ," ಎಂದ ಮಾಮ.

"ಗೊತ್ತು ಗೊತ್ತು. ನೀನು ಮಜ್ಜಿಗೆ ಕುಡಿ," ಎಂದರು ಅಪ್ಪ, ತಲೆ ಎತ್ತದೆ.

ರೈಲನ್ನು ಗೊಂಬೆಗಳ ಮುಂದೆ ಓಡಿಸುವ ಯೋಚನೆ ಹೊಳೆದದ್ದು ಅವರಿಗೇ. ಗೊಂಬೆ ಮೆಟ್ಟಿಲ ಕೆಳಗೆ ರಾಗಿ ಚೆಲ್ಲಿ ಪೈರು ಬರಿಸಿ ಪಾರ್ಕು ಮಾಡುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಅದರೊಳಗೆ ರೈಲು ಓಡಿದರೆ? ಇಡೀ ಬೆಂಗಳೂರಲ್ಲಿ ಇರಲಿಕ್ಕಿಲ್ಲ. ಜನ ಬಂದೇ ಬರುತ್ತಾರೆ. ಅಮ್ಮ ತನ್ನ ಗೊಂಬೆಗಳ ಕೆಲಸಕ್ಕೆ ಕೂತಳು. ಟ್ರಂಕುಗಳ ಮೇಲೆ ಹಲಗೆ ಜೋಡಿಸಿ, ಬಿಳಿ ಪಂಚೆ ಹಾಸಿ, ಐದು ಮೆಟ್ಟಿಲು ಮಾಡಿದಳು. ಮೇಲೆ ಅವಳ ಮದುವೆಯಲ್ಲಿ ತವರಿನಿಂದ ಕೊಟ್ಟ ಪಟ್ಟದ ಗೊಂಬೆಗಳು, ರಾಜ ರಾಣಿ. ಕೆಳಗೆ ದಶಾವತಾರ, ಮದುವೆ ದಿಬ್ಬಣ, ಎಲ್ಲಕ್ಕಿಂತ ಕೆಳಗೆ ಹೊಟ್ಟೆ ಬಿಟ್ಟ ಶೆಟ್ಟಿ, ಅವನ ಹೆಂಡತಿ, ಅವರ ಅಂಗಡಿಯ ಅಕ್ಕಿ ಬೇಳೆ ರಾಶಿಗಳು.

ತೊಂದರೆ ಏನಾಯಿತೆಂದರೆ, ನಮ್ಮ ಹಾಲೇ ಹತ್ತಡಿ. ಮೆಟ್ಟಿಲು, ಹೊಲಿಗೆ ಮೆಷಿನ್ನು, ಬಂದವರು ಕೂರಲು ಜಮಖಾನ, ಇಷ್ಟಾದ ಮೇಲೆ ರೈಲಿಗೆ ಉಳಿದದ್ದು ಮೂರಡಿಗೂ ಕಮ್ಮಿ ಜಾಗ. ನೇರ ಹಳಿಗಳು ಪೆಟ್ಟಿಗೆಗೆ ವಾಪಸ್ ಹೋದವು. ಬಾಗಿದ ಹಳಿಗಳನ್ನು ಮಾತ್ರ ಒಂದಕ್ಕೊಂದು ಜೋಡಿಸಿದರೆ ಒಂದು ಚಿಕ್ಕ ಸುತ್ತು, ದೊಡ್ಡ ಮೊರದಷ್ಟು. ಒಂದಿಂಚೂ ನೇರ ಹಾದಿಯಿಲ್ಲ, ಹೊರಟಲ್ಲಿಂದ ಬಂದು ಸೇರುವ ತನಕ ತಿರುವೇ ತಿರುವು.

"ನೋಡು," ಎಂದು ಅಪ್ಪ ನನಗೆ ಪಾಠ ಮಾಡಿದರು. "ಹೊರಗಡೆ ಹಳಿ ಉದ್ದ, ಒಳಗಡೇದು ಗಿಡ್ಡ. ಎರಡು ಗಾಲೀನೂ ಒಂದೇ ಅಚ್ಚಿಗೆ ಅಂಟ್ಕೊಂಡಿವೆ. ಒಂದು ಗಾಲಿ ಎಷ್ಟು ಸುತ್ತೋ ಇನ್ನೊಂದೂ ಅಷ್ಟೇ ಸುತ್ತು. ಹಂಗಾಗಿ ಒಂದು ಜಾರ್ಲೇಬೇಕು. ಆ ಕಿರ್ರ್ ಅನ್ನೋದು ಅದೇ. ತಿರುವು ಬಿಗಿಯಾದಷ್ಟೂ ಕಿರ್ರ್ ಜಾಸ್ತಿ."

ಪಾಠ ಚೆನ್ನಾಗಿತ್ತು, ರೈಲು ಚೆನ್ನಾಗಿ ಓಡಲಿಲ್ಲ. ತಪ್ಪು ಅಪ್ಪನದೇ. ಗೊಂಬೆ ಹಬ್ಬದ ರೈಲೆಂದ ಮೇಲೆ ರಾಜ ರಾಣಿ ಅದರಲ್ಲಿ ಕೂರಬೇಕೆಂದು ಅವರು ಒಂದಡಿ ಉದ್ದದ, ಆ ತುದಿಗೆರಡು ಈ ತುದಿಗೆರಡು ಗಾಲಿಯಿದ್ದ ಬೋಗಿ ಕಟ್ಟಿದ್ದರು. ಕಟ್ಟಡ ಲಕ್ಷಣವಾಗಿತ್ತು, ಕಿಟಕಿ ಬೇರೆ. ಆದರೆ ತಿರುವಿನಲ್ಲಿ ಅದರ ಮೂತಿ ಹೊರಗೆ, ನಡು ಒಳಗೆ. ಹಬ್ಬದ ಮೊದಲನೇ ದಿನ ಸಂಜೆ, ದೀಪ ಹಚ್ಚಿ ಆರತಿ ಮಾಡಿದ ಮೇಲೆ ಅಪ್ಪ ಗುಂಡಿ ಒತ್ತಿದರು. ಹೊಸ ಸೆಲ್ಲು. ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದ ಎನ್ನುವ ಹಾಗೆ ಇಂಜಿನ್ ಒಮ್ಮೆಲೇ ಹಾರಿ ಹೊರಟಿತು. ಅರ್ಧ ಸುತ್ತಿಗೆ ಬೋಗಿ ಹಳಿ ಬಿಟ್ಟು ಶೆಟ್ಟಿಯ ಅಂಗಡಿಗೆ ನುಗ್ಗಿತು. ರಾಣಿ ತೊಗರಿಬೇಳೆ ರಾಶಿಯ ಮೇಲೆ ಬಿದ್ದಳು, ಶೆಟ್ಟಿಯ ಮೂಗು ಮುಕ್ಕಾಯಿತು.

ಅದನ್ನು ನೋಡಿದವರು ನಾವು ಮೂವರೇ. ಅಮ್ಮ ಬೆಳಿಗ್ಗೆಯೇ ಕುಂಕುಮದ ಬಟ್ಟಲು ಹಿಡಿದು ಕ್ರಾಸಿನ ಐದೂ ಮನೆಗೆ ಹೋಗಿ ಕರೆದು ಬಂದಿದ್ದಳು. ಸಂಜೆ ಮಳೆ ಹಿಡಿಯಿತು. ಎಂಟು ಗಂಟೆಯವರೆಗೂ ರೇಷ್ಮೆ ಸೀರೆಯುಟ್ಟು ಬಾಗಿಲಿಗೆ ಮುಖ ಮಾಡಿ ಕೂತಿದ್ದಳು. ಯಾರೂ ಬರಲಿಲ್ಲ. ಒಂದು ದೊಡ್ಡ ಪಾತ್ರೆ ಕಡಲೆಕಾಳಿನ ಉಸಲಿ ಹಾಗೇ ಉಳಿಯಿತು. ಮರುದಿನ ಅಪ್ಪನ ಡಬ್ಬಿಗೂ ಅದೇ, ನನ್ನ ಡಬ್ಬಿಗೂ ಅದೇ.

ಎರಡನೇ ದಿನ ಅಪ್ಪ ಬೇಗ ಬಂದು ಮತ್ತೆ ನೆಲಕ್ಕೆ ಮಲಗಿದರು. ಬೋಗಿಯ ಗಾಲಿ ಹಿಂದೆ ಸರಿಸಿ ನೋಡಿದರು, ಮುಂದೆ ಸರಿಸಿ ನೋಡಿದರು, ಹಳಿಗೆ ಕೊಬ್ಬರಿ ಎಣ್ಣೆ ಸವರಿದರು. ಬೋಗಿ ಬೀಳುತ್ತಲೇ ಇತ್ತು. ಅಮ್ಮ ಮೆಷಿನ್ನಿನ ಮುಂದೆ ಕೂತು ನನ್ನ ರವಿಕೆಗೆ ತೋಳು ಕೂರಿಸುತ್ತಿದ್ದಳು. ಐದನೇ ಸಲವೋ ಆರನೇ ಸಲವೋ ಬೋಗಿ ಬಿದ್ದಾಗ ಅವಳಿಗೆ ತಡೆಯಲಾಗಲಿಲ್ಲ.

"ಕಚ್ಚು ಹಾಕ್ರೀ ಅದಕ್ಕೆ."

"ಏನು?"

"ಕಚ್ಚು!" ಎಂದು ಹೊಲಿಯುತ್ತಿದ್ದ ಬಟ್ಟೆಯನ್ನು ಎತ್ತಿ ತೋರಿಸಿದಳು. "ಕಂಕುಳ ಹತ್ರ ಬಟ್ಟೆ ರೌಂಡಾಗಿ ತಿರುಗಬೇಕಲ್ಲ, ಒಂದೇ ಉದ್ದಕ್ಕೆ ಬಿಟ್ರೆ ಎಳ್ಕೊಳತ್ತೆ. ಅದಕ್ಕೇ ಅಲ್ಲಲ್ಲಿ ಕತ್ರಿಲಿ ಕಚ್ಚು ಹಾಕ್ತೀವಿ. ಒಂದೊಂದು ತುಂಡೂ ಅದರ ಪಾಡಿಗೆ ಅದು ತಿರುಗತ್ತೆ. ನಿಮ್ಮ ರೈಲು ಇಷ್ಟುದ್ದ ಮರದ ಕೊರಡು ಇದ್ದಂಗಿದೆ, ಹೆಂಗೆ ತಿರುಗತ್ತೆ?"

ಅಪ್ಪ ಎದ್ದು ಕೂತರು. ರವಿಕೆಯ ಕಂಕುಳನ್ನು ಕೈಗೆ ತೆಗೆದುಕೊಂಡು ತಿರುಗಿಸಿ ಮುರುಗಿಸಿ ನೋಡಿದರು. ಇಷ್ಟು ವರ್ಷ ಟೂಲ್ ರೂಮಿನಲ್ಲಿ ಇದ್ದವರಿಗೆ ಇದು ಹೊಳೆಯಲಿಲ್ಲವೆಂದು ಅವರಿಗೆ ನಾಚಿಕೆಯೂ ಆಗಿರಬೇಕು. ರಾಜ ರಾಣಿಯರನ್ನು ಮೇಲಿನ ಮೆಟ್ಟಿಲಿಗೆ ವಾಪಸ್ ಕಳಿಸಿ, ಬೋಗಿಯನ್ನು ಬಿಚ್ಚಿ ಗೇಣಿಗೂ ಕಮ್ಮಿ ಉದ್ದದ ಮೂರು ಬೋಗಿ ಮಾಡಿದರು. ನಡುವೆ ಕೊಂಡಿ. ಒಂದೊಂದಕ್ಕೂ ಹತ್ತಿರ ಹತ್ತಿರ ನಾಲ್ಕು ಗಾಲಿ. ಈ ಸಲ ರೈಲು ಹಾವಿನ ಮರಿಯ ಹಾಗೆ ಬಾಗಿತು, ಮೂರು ಸುತ್ತು ಬಂತು, ನಾಲ್ಕನೇ ಸುತ್ತಿಗೆ ಹಿಂದಿನ ಬೋಗಿ ಒಳಮಗ್ಗುಲಿಗೆ ಮಗುಚಿಕೊಂಡಿತು. ಮುಂದಿನದು ಎಳೆಯುತ್ತದೆ, ಹಗುರವಾದದ್ದು ಒಳಕ್ಕೆ ಬೀಳುತ್ತದೆ. ಅಮ್ಮ ಅಡುಗೆಮನೆಗೆ ಹೋಗಿ ಮರುದಿನದ ಉಸಲಿಗೆಂದು ಆರಿಸಿಟ್ಟಿದ್ದ ಹೆಸರುಕಾಳನ್ನು ಎರಡು ಹಿಡಿ ತಂದು ಬೋಗಿಗಳಿಗೆ ತುಂಬಿದಳು. ಇಂಜಿನ್ನಿನ ಹಿಂದೆ ಜಾಸ್ತಿ, ಬಾಲದ ಕಡೆ ಕಮ್ಮಿ. ಹೊಸ ಸೆಲ್ಲುಗಳನ್ನು ಕಿತ್ತು ರೇಡಿಯೊಗೆ ಹಾಕಿ, ರೇಡಿಯೊದಲ್ಲಿ ಅರ್ಧ ಸವೆದಿದ್ದ ಸೆಲ್ಲುಗಳನ್ನು ರೈಲಿಗೆ ಹಾಕಿದಳು.

"ಮೊದಲು ನಾಲ್ಕು ದಿನ ವಾರ್ತೆ ಓದಲಿ, ಆಮೇಲೆ ರೈಲು ಎಳೀಲಿ," ಎಂದಳು.

ರೈಲು ನಿಧಾನವಾಗಿ, ಗೊಣಗಿಕೊಂಡು, ಒಂದು ಸಲವೂ ಬೀಳದೆ ಸುತ್ತಿತು. ನಾನು ಎಪ್ಪತ್ತು ಸುತ್ತಿನವರೆಗೆ ಎಣಿಸಿ ಬಿಟ್ಟೆ. ಆ ಸಂಜೆಯೂ ಯಾರೂ ಬರಲಿಲ್ಲ, ಆದರೆ ಎರಡು ತಿಂಗಳ ಮೇಲೆ ಅಮ್ಮ ಅಷ್ಟು ಮಾತಾಡಿದಳು. ನನಗೆ ಅಷ್ಟೇ ಸಾಕಾಗಿತ್ತು. ಅಲ್ಲಿಂದ ಮುಂದೆ ದಿನದ ಉಸಲಿ ಯಾವುದೆಂದು ಬೋಗಿಯಲ್ಲಿ ಇಣುಕಿದರೆ ತಿಳಿಯುತ್ತಿತ್ತು.

ಮೂರನೇ ದಿನ ಬೆಳಿಗ್ಗೆ ಅಪ್ಪ ಕೆಲಸಕ್ಕೆ ಹೊರಡುವ ಮೊದಲು ಇನ್ನೊಂದು ಸಲ ಓಡಿಸಿ ನೋಡುತ್ತಿದ್ದರು. ಹಾಲು ಹಾಕಲು ಲಕ್ಷ್ಮಮ್ಮ ಬಂದಿದ್ದಳು. ಸಾರಕ್ಕಿಯವಳು. ನಮ್ಮ ಬಡಾವಣೆ ಆಗುವ ಮೊದಲಿಂದ ಅಲ್ಲಿದ್ದ ಹಳ್ಳಿ ಅದು, ನಮ್ಮ ಮನೆ ನಿಂತಿದ್ದ ಜಾಗದಲ್ಲಿ ತನ್ನ ಮಾವ ರಾಗಿ ಬೆಳೆಯುತ್ತಿದ್ದ ಎಂದು ಅವಳು ಆಗಾಗ ಹೇಳುತ್ತಿದ್ದಳು. ಹೇಳುವಾಗ ಸಿಟ್ಟೇನೂ ಇರುತ್ತಿರಲಿಲ್ಲ, ಆದರೂ ಅಪ್ಪ ಆ ಮಾತು ಬಂದಾಗಲೆಲ್ಲ ಒಳಗೆ ಹೋಗಿಬಿಡುತ್ತಿದ್ದರು.

"ಅದೇನವ್ವ ಅದು ಒಳಗೆ ಕಿರ್ ಅಂತೈತಲ್ಲ, ಇಲಿ ಹಿಡಿದೀರಾ?" ಎಂದು ಲಕ್ಷ್ಮಮ್ಮ ಬಾಗಿಲಲ್ಲೇ ಕತ್ತು ಚಾಚಿದಳು.

ಅಮ್ಮ ಹಾಲಿನ ಪಾತ್ರೆಯನ್ನು ಕೆಳಗಿಟ್ಟಳು. ಕುಂಕುಮ ಹಿಡಿದು ಕರೆಯಲು ಹೋದಾಗ ಕ್ರಾಸಿನ ಐದು ಮನೆ ಬಿಟ್ಟು ಬೇರೆ ಮನೆಗಳು ಅವಳ ತಲೆಗೆ ಬಂದಿರಲೇ ಇಲ್ಲ. ದಿನಾ ಬೆಳಿಗ್ಗೆ ಎದುರಿಗೆ ನಿಲ್ಲುವವಳನ್ನೇ ಕರೆದಿರಲಿಲ್ಲ. ಆ ತಪ್ಪು ಅವಳಿಗೆ ಆಗ ತಿಳಿದಿರಬೇಕು. "ಸಂಜೆ ಬನ್ನಿ ಲಕ್ಷ್ಮಮ್ಮ, ಗೊಂಬೆ ಕೂರಿಸಿದೀನಿ. ಸೊಸೇನೂ ಕರ್ಕೊಂಡು ಬನ್ನಿ," ಎಂದಳು. ಹೇಳಿದ ಮೇಲೆ ಓಡಿಹೋಗಿ ಬಟ್ಟಲು ತಂದು ಅವಳ ಹಣೆಗೆ ಕುಂಕುಮವಿಟ್ಟಳು.

ಲಕ್ಷ್ಮಮ್ಮ ಬಂದಳು, ಸೊಸೆ ಬಂದಳು, ಸೊಸೆಯ ಗೆಳತಿಯರು ಬಂದರು. ಬಾಯಿಂದ ಬಾಯಿಗೆ ಸುದ್ದಿ ಹೋಯಿತು. ನಾಲ್ಕನೇ ದಿನ ಪಕ್ಕದ ಸೈಟಿನಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸರು ಕೈಕಾಲು ತೊಳೆದುಕೊಂಡು ಬಾಗಿಲಿಗೆ ಬಂದು ನಿಂತರು. ಇಡೀ ದಿನ ತಲೆಯ ಮೇಲೆ ಇಟ್ಟಿಗೆ ಹೊತ್ತವರು. ಅವರಲ್ಲೊಬ್ಬಳು ಒಂದು ಕೆಂಪು ಪ್ಲಾಸ್ಟಿಕ್ ಇಟ್ಟಿಗೆಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, "ಇದೂ ಇಟ್ಟಿಗೇನೇ ಏನಕ್ಕಾ? ನಮ್ಮ ಮೇಸ್ತ್ರಿಗೆ ಹೇಳಿ, ಇಂಥದ್ದೇ ತರಿಸ್ಲಿ," ಎಂದಳು. ಎಲ್ಲರೂ ನಕ್ಕರು, ಅಮ್ಮನೂ ನಕ್ಕಳು. ಕ್ರಾಸಿನ ಮನೆಗಳಿಂದಲೂ ಇಬ್ಬರು ಹೆಂಗಸರು ಮಕ್ಕಳ ಕೈ ಹಿಡಿದು ಬಂದು ಹೋದರು.

ಐದನೇ ದಿನಕ್ಕೆ ಹೆಂಗಸರ ಲೆಕ್ಕ ಹದಿನೇಳಕ್ಕೆ ಮುಟ್ಟಿತು. ಅಪ್ಪ ಗೆದ್ದವರ ಹಾಗೆ ಹಾಲಿನಲ್ಲಿ ಓಡಾಡುತ್ತ, "ಹತ್ತು ದಾಟಿ ಏಳು ಜಾಸ್ತಿ. ಇನ್ನು ಮಾತಿಲ್ಲ," ಎಂದರು.

"ಇವರು ಲೆಕ್ಕಕ್ಕಿಲ್ಲ," ಎಂದಳು ಅಮ್ಮ.

"ಯಾಕಿಲ್ಲ? ಹೆಂಗಸರಲ್ವಾ?"

"ಅವರು ಬಂದಿದ್ದು ರೈಲು ನೋಡೋಕೆ. ನನ್ನ ಗೊಂಬೆಗೆ ಬೆನ್ನು ಹಾಕ್ಕೊಂಡು ಕೂತಿದ್ರು, ನೀವೇ ನೋಡಿದ್ರಲ್ಲ. ಆ ಡಬ್ಬೀಲಿ ಸೆಲ್ಲು ಮುಗಿದ ದಿನ ಒಂದು ನರಪಿಳ್ಳೆ ಈ ಕಡೆ ಬರಲ್ಲ. ರೈಲಿನ ಹತ್ರ ನಾನು ಮಾತಾಡ್ಕೊಂಡಿರ್ಲಾ?"

ಅಪ್ಪನಿಗೆ ಸಿಟ್ಟು ಬಂತು. ಬಂದವರು ಬಂದವರೇ, ಯಾಕೆ ಬಂದರೆಂದು ಕೇಳುವುದು ಯಾವ ನ್ಯಾಯ ಎಂದು ಜೋರು ಮಾಡಿದರು. ಅಮ್ಮ ಬಗ್ಗಲಿಲ್ಲ. ನನಗೆ ಅವರಿಬ್ಬರ ಮೇಲೂ ಕೋಪ ಬಂದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತೆ. ವಠಾರದಲ್ಲಿ ನನಗೂ ಗೆಳತಿಯರಿದ್ದರು. ವಾಪಸ್ ಹೋದರೆ ನನಗೆ ಲಾಭವೇ. ಆದರೂ ಅಪ್ಪ ರಸ್ತೆಯಲ್ಲಿ ಸೈಕಲ್ ಹಿಡಿದು ಮನೆ ನೋಡುತ್ತ ನಿಲ್ಲುವುದು ನೆನಪಾಗಿ ಆ ಲಾಭ ಬೇಡವೆನ್ನಿಸುತ್ತಿತ್ತು.

ಆರು, ಏಳು, ಎಂಟನೇ ದಿನಗಳು ಹೋದದ್ದೇ ತಿಳಿಯಲಿಲ್ಲ. ರಾಗಿ ಪೈರು ಬೆಳೆದು ಹಳಿಯ ಮೇಲೆ ಬಾಗಿ, ತಿರುಗುವ ಬೋಗಿಗಳನ್ನು ಸವರಿ ಬೀಳಿಸತೊಡಗಿತು. ಅಮ್ಮ ಬಟ್ಟೆ ಕತ್ತರಿಯಿಂದ ಅದಕ್ಕೆ ದಿನಾ ಕ್ಷೌರ ಮಾಡಿ, ಕತ್ತರಿಸಿದ ಹುಲ್ಲನ್ನು ಲಕ್ಷ್ಮಮ್ಮನ ಹಸುವಿಗೆಂದು ಎತ್ತಿಡುತ್ತಿದ್ದಳು. ಹಸುವಿಗೆ ಅದು ಒಂದು ತುತ್ತೂ ಆಗುತ್ತಿರಲಿಲ್ಲ. ಲಕ್ಷ್ಮಮ್ಮ ಮಾತ್ರ ಪ್ರಸಾದದ ಹಾಗೆ ಸೆರಗಿನಲ್ಲಿ ಕಟ್ಟಿಕೊಂಡು ಹೋಗುತ್ತಿದ್ದಳು. ಸಂಜೆ ರೈಲಿನ ಸುತ್ತ ಮಕ್ಕಳು, ಮಕ್ಕಳ ಹಿಂದೆ ಹೆಂಗಸರು. ಅಮ್ಮ ಉಸಲಿ ಹಂಚುತ್ತ, ಯಾರ ರವಿಕೆ ಭುಜದ ಹತ್ತಿರ ಎಳೆಯುತ್ತಿದೆಯೆಂದು ನೋಡಿ ಅಲ್ಲೇ ಟೇಪು ಹಿಡಿಯುತ್ತಿದ್ದಳು. ಎಂಟನೇ ದಿನ ಅದು ಹೇಗೆ ಮಾತು ಬಂತೋ, ಸಿದ್ದಾಪುರದ ನಲ್ಲಿ ಜಗಳದ ಕಥೆ ಶುರು ಮಾಡಿದಳು. ಬಿಂದಿಗೆಗಳ ಸಾಲಿನಲ್ಲಿ ಯಾರೋ ತಮ್ಮ ಬಿಂದಿಗೆಯನ್ನು ಮುಂದೆ ತಳ್ಳಿದ್ದು, ಇನ್ನೊಬ್ಬರು ಅದನ್ನು ಎತ್ತಿ ಮಾಡಿನ ಮೇಲಿಟ್ಟದ್ದು. ಅಮ್ಮ ಒಬ್ಬೊಬ್ಬರ ದನಿಯನ್ನೂ ಆಡಿ ತೋರಿಸುತ್ತಿದ್ದಳು. ಅಷ್ಟರಲ್ಲಿ ಸೆಲ್ ಮುಗಿದು ರೈಲು ನಿಂತಿತು, ಮಕ್ಕಳು ಕೂಗಾಡಿದರು, ಎಲ್ಲರೂ ಎದ್ದರು. ಕಥೆ ಅಲ್ಲಿಗೇ ನಿಂತಿತು.

ಒಂಬತ್ತನೇ ದಿನ ಆಯುಧಪೂಜೆ. ಬೆಳಿಗ್ಗೆ ಅಮ್ಮ ತಲೆಗೆ ನೀರು ಹಾಕಿಕೊಂಡು, ಒಂದು ಬಟ್ಟಲಲ್ಲಿ ಕುಂಕುಮ ಕಲಸಿಕೊಂಡು ಹೊರಟಳು. ಹೊಲಿಗೆ ಮೆಷಿನ್ನು, ಇಸ್ತ್ರಿಪೆಟ್ಟಿಗೆ, ಕತ್ತರಿ, ಈಳಿಗೆಮಣೆ, ಅಪ್ಪನ ಸೈಕಲ್ಲು, ಅವರ ಅಳತೆಯ ಸಾಮಾನು, ಎಲ್ಲಕ್ಕೂ ಬೊಟ್ಟಿಟ್ಟು ಹೂ ಮುಡಿಸುತ್ತ ಬಂದಳು. ಹಾಗೆ ಬರುತ್ತ ಬರುತ್ತ ಕೈ ತಾನಾಗಿ ಕೆಳಗಿಳಿದು ರೈಲಿನ ಇಂಜಿನ್ನಿಗೂ ಒಂದು ಬೊಟ್ಟು ಇಟ್ಟಿತು. ಸೈಕಲ್ಲಿನ ಗಾಲಿಗೆ ಇಟ್ಟ ಹಾಗೆ ಅದರ ಗಾಲಿಯ ಕೆಳಗೂ ಒಂದು ನಿಂಬೆಹಣ್ಣು ಇಟ್ಟಳು. ನಿಂಬೆಹಣ್ಣೇ ಇಂಜಿನ್ನಿನ ಅರ್ಧದಷ್ಟಿತ್ತು. ಆರತಿ ಎತ್ತಿದಳು.

ಆರತಿ ಕಣ್ಣಿಗೊತ್ತಿಕೊಂಡ ಅಪ್ಪನಿಗೆ ಆಗ ಕಂಡಿತು. "ಲೇ, ರೈಲಿಗೂ ಪೂಜೆ ಮಾಡಿಬಿಟ್ಯಲ್ಲೇ!"

"ಮಾಡಿದ್ರೇನೀಗ?"

"ಪೂಜೆ ಆದ ಮೇಲೆ ನಾಳೆ ಪುನಃಪೂಜೆ ಆಗೋವರೆಗೂ ಓಡಿಸೋ ಹಾಗಿಲ್ಲ. ನಮ್ಮ ಫ್ಯಾಕ್ಟರೀಲಿ ಇವತ್ತು ಮೇನ್ ಸ್ವಿಚ್ಚೇ ತೆಗೆದಿರ್ತಾರೆ."

"ಒರೆಸಿಬಿಡೋಣ," ಎಂದೆ ನಾನು. ಇಬ್ಬರೂ ಒಟ್ಟಿಗೆ ನನ್ನನ್ನು ದುರುಗುಟ್ಟಿ ನೋಡಿದರು. ಆ ಒಂದು ವಿಷಯದಲ್ಲಿ ಅವರಿಗೆ ಒಮ್ಮತವಿತ್ತು.

ಅಮ್ಮ ಕುಂಕುಮದ ಬಟ್ಟಲು ಹಿಡಿದುಕೊಂಡೇ ಜಮಖಾನದ ಮೇಲೆ ಕೂತಳು. ತಾನೇ ಬೇಕೆಂದು ಮಾಡಿದ್ದಲ್ಲ, ಅಭ್ಯಾಸಬಲದಿಂದ ಆದದ್ದು. ಬಟ್ಟಲನ್ನು ಪಕ್ಕಕ್ಕಿಟ್ಟು ಹೇಳಿದಳು, "ಒಳ್ಳೇದೇ ಆಯ್ತು ಬಿಡಿ. ಇವತ್ತು ಕಡೇ ದಿನ. ಇವತ್ತು ಯಾರು ಬರ್ತಾರೋ ಅವರನ್ನೇ ನಾನು ಬಂದವರು ಅಂತ ಹಿಡೀತೀನಿ. ವಸೂ, ಸಂಜೆ ನೀನು ಗೇಟಿನ ಹತ್ರ ನಿಂತ್ಕೋ. ಇವತ್ತು ರೈಲಿಲ್ಲ ಅಂತ ಮೊದಲೇ ಹೇಳು. ಸುಮ್ಮನೆ ಒಳಗೆ ಬಂದು ಪೆಚ್ಚಾಗೋದು ಬೇಡ."

 ಮಧ್ಯಾಹ್ನದ ಒಬ್ಬಟ್ಟನ್ನು ಅಪ್ಪ ಸರಿಯಾಗಿ ತಿನ್ನಲಿಲ್ಲ.

ಸಂಜೆ ಐದಕ್ಕೆ ನಾನು ಗೇಟಿಗೆ ಹೋದೆ. ಗೇಟೆಂದರೆ ಎರಡು ಕಲ್ಲುಕಂಬಕ್ಕೆ ಅಡ್ಡ ಇಟ್ಟ ಬಿದಿರಿನ ಗಳ. ಐದೂವರೆಗೆ ಎದುರುಮನೆಯ ಆಂಟಿಯ ಮಗ ಬಂದ. ಇವತ್ತು ರೈಲಿಲ್ಲ ಕಣೋ ಎಂದೆ. ಸರಿ ಎಂದು ತಿರುಗಿ ಓಡಿಹೋದ. ಸೈಟಿನವರಿಗೆ ಅಂದು ರಜೆ, ಆ ಕಡೆ ಯಾರೂ ಇರಲಿಲ್ಲ. ಆರಾಯಿತು. ಮೋಡ ಕವಿದು ಬೇಗ ಮಬ್ಬಾಯಿತು. ಒಳಗೆ ಅಮ್ಮ ಅದೇ ರೇಷ್ಮೆ ಸೀರೆಯಲ್ಲಿ ಗೊಂಬೆಗಳ ಪಕ್ಕ ಕೂತಿರುವುದು ಬಾಗಿಲಲ್ಲಿ ಕಾಣುತ್ತಿತ್ತು. ನಾನು ಗಣಪತಿಗೆ ಏನೇನೋ ಹರಕೆ ಹೊತ್ತೆ. ಅವೆಲ್ಲ ತೀರಿಸಿದ ನೆನಪಿಲ್ಲ.

ಆರು ದಾಟಿದ ಮೇಲೆ ರಸ್ತೆಯ ಕೊನೆಯಲ್ಲಿ ಒಂದು ಗುಂಪು ಕಂಡಿತು. ಕೆಸರಿನಲ್ಲಿ ಸೀರೆ ಎತ್ತಿ ಹಿಡಿದುಕೊಂಡು, ಸಾಲಾಗಿ, ಒಬ್ಬರ ಹಿಂದೊಬ್ಬರು. ಮುಂದೆ ಲಕ್ಷ್ಮಮ್ಮ. ತಲೆತುಂಬ ಹೂವು, ಮಡಿಲಲ್ಲಿ ಏನೋ ಗಂಟು. ಅಷ್ಟು ದೂರದಿಂದ, ಅಷ್ಟು ಅಲಂಕಾರ ಮಾಡಿಕೊಂಡು ಬರುತ್ತಿರುವವರನ್ನು ಹೇಗೆ ವಾಪಸ್ ಕಳಿಸುವುದು? ಹೇಳದೆ ಒಳಗೆ ಬಿಟ್ಟುಬಿಡೋಣ ಎನ್ನಿಸಿತು. ಆದರೆ ಅಮ್ಮನ ಮಾತು. ಗಳ ಹಿಡಿದುಕೊಂಡು ನಿಂತು ಹೇಳಿಬಿಟ್ಟೆ.

"ಲಕ್ಷ್ಮಮ್ಮನೋರೇ, ಇವತ್ತು ರೈಲು ಓಡಲ್ಲ. ಪೂಜೆಗೆ ಇಟ್ಟಿದೀವಿ."

ಲಕ್ಷ್ಮಮ್ಮ ಗಳವನ್ನು ತಾನೇ ಎತ್ತಿದಳು. "ರೈಲು ಕಟ್ಕೊಂಡು ಏನ್ ಮಾಡಾನವ್ವ? ನಿಮ್ಮಮ್ಮಾರು ಅವ್ರಾ ಒಳಗೆ? ಆ ಬಿಂದಿಗೆ ಮಾಡಿನ ಮೇಲೇ ಕುಂತೈತೆ, ಯಾರು ಇಳಿಸಿದ್ರು ಅಂತ ಗೊತ್ತಾಗ್ದೆ ನಮ್ಮ ಸೊಸೆ ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ!"

ಹಿಂದಿದ್ದವರು ಗೊಳ್ಳೆಂದು ನಕ್ಕರು. ಅವರ ನಗು ಕೇಳಿ ಅಮ್ಮ ಬಾಗಿಲಿಗೆ ಬಂದಳು. ಲಕ್ಷ್ಮಮ್ಮ ಹೇಳಿದ್ದು ಅವಳಿಗೆ ಕೇಳಿಸಿತ್ತು.  ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡು, "ಬನ್ನಿ ಬನ್ನಿ, ಕೆಸರಲ್ಲಿ ನಿಂತ್ಕೋಬೇಡಿ," ಎಂದಳು. ನಾನು ಎಣಿಸುತ್ತ ನಿಂತೆ. ಹತ್ತಾಯಿತು. ಆಮೇಲೂ ಬರುತ್ತಿದ್ದರು, ಎಣಿಸುವುದನ್ನು ಬಿಟ್ಟೆ. ನಾವು ಬಂದ ಮೇಲೆ ಆ ಹಾಲಿನಲ್ಲಿ ಅಷ್ಟು ಜನ ಯಾವತ್ತೂ ಕೂತಿರಲಿಲ್ಲ. ಜಮಖಾನ ತುಂಬಿ, ಅಡುಗೆಮನೆಯ ಹೊಸ್ತಿಲು ತುಂಬಿ, ಒಬ್ಬಳು ಹೊಲಿಗೆ ಮೆಷಿನ್ನಿನ ಸ್ಟೂಲಿನ ಮೇಲೂ ಕೂತಳು. ರೈಲಿನ ಮೇಲೆ ಯಾರೋ ತಟ್ಟೆ ಇಟ್ಟಿದ್ದರು. ಗೊಂಬೆಗಳನ್ನಾದರೂ ನೋಡಿದರೇ ಎಂದರೆ, ನಿಜ ಹೇಳಬೇಕು, ಅಷ್ಟಾಗಿ ಅದೂ ಇಲ್ಲ. ಎಲ್ಲರೂ ಅಮ್ಮನ ಮುಖವನ್ನೇ ನೋಡುತ್ತಿದ್ದರು. ಅವಳು ಕಥೆಯನ್ನು ಮೊದಲಿನಿಂದ ಶುರು ಮಾಡಿದಳು.

ಅಪ್ಪ ಎಲ್ಲೂ ಕಾಣಲಿಲ್ಲ. ಹುಡುಕಿಕೊಂಡು ಹೊರಗೆ ಬಂದೆ. ಮರಳಿನ ಗುಡ್ಡೆಯ ಮೇಲೆ ಒಂದು ಗೋಣಿಚೀಲ ಹಾಸಿಕೊಂಡು, ಮಂಡಿ ಕಟ್ಟಿಕೊಂಡು ಕೂತಿದ್ದರು. ಸಣ್ಣಗೆ ಹನಿಯುತ್ತಿತ್ತು. ಒಳಗಿಂದ ಅಮ್ಮ ಯಾರದೋ ದನಿ ಮಾಡಿ ಬಿಂದಿಗೆಗಾಗಿ ಕಿರುಚುತ್ತಿದ್ದಳು, ಹೆಂಗಸರು ನಕ್ಕು ನಕ್ಕು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು.

"ಮಳೇಲಿ ಯಾಕಪ್ಪ ಕೂತಿದೀರಾ? ಒಳಗೆ ಬನ್ನಿ," ಎಂದೆ.

ಅಪ್ಪ ಮನೆಯ ಕಡೆ ನೋಡಿದರು. "ಎಲ್ಲಿ ಬರ್ಲೇ? ಜಾಗ ಇಲ್ವಲ್ಲೇ ಮನೇಲಿ," ಎಂದರು. ಆ ಮನೆಯ ಬಗ್ಗೆ ಅವರು ದೂರು ಹೇಳಿದ್ದು ಅದೊಂದೇ ಸಲ, ಅದನ್ನೂ ಮುಖದ ತುಂಬ ನಗುತ್ತಲೇ ಹೇಳಿದರು.